ಅರ್ಧ ದರದ ಹಂಗಾಮು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಗೆಳೆಯನ ಕೈಗೆ ಬಂದಿದ್ದ ಬರವಣಿಗೆಯ ಕೆಲಸಕ್ಕೆ, ಅವನಿಗೆ ಕೊಡುವುದರಲ್ಲಿ ಅರ್ಧ ಕೊಟ್ಟರೂ ಸಾಕು ಎಂದು ಅರ್ಜಿ ಹಾಕಿದವನು ನಾನೇ. ಅದೂ ಅವನದೇ ಧಾಟಿ ಕದ್ದು ಬರೆದ ಅರ್ಜಿ. ಯಾರೂ ಹೇಳಿಕೊಟ್ಟಿರಲಿಲ್ಲ, ಯಾರೂ ಕುಡಿಸಿ ಕೆಡಿಸಿರಲಿಲ್ಲ, ಹಸಿವು ಕೂಡ ಇರಲಿಲ್ಲ. ಅವ್ವ ಬಡಿದ ಎರಡು ಜೋಳದ ರೊಟ್ಟಿ, ಮೇಲೆ ಝುಣಕ ತಿಂದು, ತೇಗಿ, ಕಾಲ ಮೇಲೆ ಕಾಲು ಹಾಕಿಕೊಂಡು ಆರಾಮಾಗಿ ಮಾಡಿದ ಕೆಲಸ ಅದು. ಹೊಟ್ಟೆಯಲ್ಲಿ ರೊಟ್ಟಿ ಹೋಗಿ ಉಳಿದ ಜಾಗದಲ್ಲಿ ಕಿಚ್ಚಿತ್ತು, ಅಷ್ಟೇ.

ಮೊನ್ನೆ ಮುಂಜಾನೆ ಅವ್ವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕಾಗವಾಡದಿಂದ ಬರುತ್ತಿದ್ದೆ. ಕಬ್ಬು ಕಡಿದು ಬಯಲಾದ ಹೊಲವೊಂದರಿಂದ ಕುರಿಯ ವಾಸನೆ ಬಂತು. ಇಬ್ಬನಿ ಬಿದ್ದ ಹಸಿ ಹಿಕ್ಕಿ, ತೊಯ್ದ ಕಂಬಳಿ, ಕಬ್ಬಿನ ಒಣಗರಿ ರವದಿ ಸುಟ್ಟ ಹೊಗೆ, ಇವೆಲ್ಲದರ ಮೇಲೆ ಸಕ್ಕರೆ ಕಾರ್ಖಾನೆಯ ಕಾಕಂಬಿಯ ಸಿಹಿ ನಾತ. ನನಗೆ ಗೊತ್ತಿಲ್ಲದೇ ಬೈಕು ನಿಧಾನವಾಯಿತು.

"ಯಾಕೋ, ಪೆಟ್ರೋಲ ತೀರಿತೇನು?" ಅಂದಳು ಅವ್ವ.

ತೀರಿದ್ದು ಪೆಟ್ರೋಲಲ್ಲ, ಮೂರು ವರ್ಷದ ಹಿಂದೆ ಇಂಥದೇ ಒಂದು ಹೊಲದಲ್ಲಿ ನನ್ನ ಮಾನ ತೀರಿತ್ತು. ಅದನ್ನು ಅವ್ವನಿಗೆ ಹೇಳುವುದು ಹೇಗೆ? ಗೇರು ಬದಲಿಸಿದೆ.

ಅಥಣಿಯಲ್ಲಿ ಬಿ.ಎ. ಮುಗಿಸಿ ಊರಿಗೆ, ಅಂದರೆ ಉಗಾರ ಖುರ್ದಕ್ಕೆ, ಬಂದು ಅಣ್ಣಾಸಾಬ ಕಾಕಾನ ಝೆರಾಕ್ಸ್ ಅಂಗಡಿಯಲ್ಲಿ ಕೂತ ಮೊದಲ ಚಳಿಗಾಲ ಅದು. ಆಧಾರ್ ಪ್ರತಿ ತೆಗೆಯುವುದು, ಹೊಲದ ಉತಾರ, ಅಂದರೆ ಪಹಣಿ, ತೆಗೆದುಕೊಡುವುದು, ಆನ್‌ಲೈನ್ ಅರ್ಜಿ ತುಂಬುವುದು ನನ್ನ ಕೆಲಸ. ಪಗಾರವಿಲ್ಲದ ಇನ್ನೊಂದು ಕೆಲಸವೂ ಇತ್ತು: ಬಂದವರ ಧ್ವನಿ ತೆಗೆದು ಅಣಕಿಸುವುದು. ಮೂಗಿನಿಂದ ನಂಬರು ಕೂಗುವ ತೂಕದ ಗುಮಾಸ್ತ, ಕನ್ನಡದಲ್ಲಿ ವ್ಯಾಪಾರ ಶುರು ಮಾಡಿ ಸಿಟ್ಟು ಬಂದ ಕೂಡಲೇ ಮರಾಠಿಗೆ ಹಾರುವ ನಿಪ್ಪಾಣಿಯ ತಂಬಾಕಿನ ವ್ಯಾಪಾರಿ, ಕಣ್ಣು ಮುಚ್ಚಿ ಪಾಠ ಹೇಳುತ್ತಾ ತಾವೇ ನಿದ್ದೆಹೋಗುವ ನಮ್ಮ ಪ್ರೊಫೆಸರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ನನ್ನ ಧ್ವನಿಯನ್ನೂ ನಾನು ತೆಗೆಯುತ್ತೇನೆ. ಅದು ಸ್ವಲ್ಪ ಕೀರಲು. ಮಂದಿಗೆ ಅದೇ ಎಲ್ಲಕ್ಕಿಂತ ಹೆಚ್ಚು ನಗು ತರಿಸುತ್ತದೆ.

ಒಬ್ಬನ ಧ್ವನಿ ಮಾತ್ರ ಸಿಗುತ್ತಿರಲಿಲ್ಲ. ಮಾಳಪ್ಪನದು. ಮೂರು ವರ್ಷ ನನ್ನ ಪಕ್ಕದಲ್ಲೇ ಕೂತು ಬಿ.ಎ. ಮಾಡಿದವನು. ರಾಯಬಾಗದ ಕಡೆಯವನು, ಕುರಿ ಕಾಯುವ ಮನೆತನ. ದೀಪಾವಳಿ ಮುಗಿದ ಮೇಲೆ ಅವನೂ ಅವನಪ್ಪನೂ ಹಿಂಡು ಹೊಡೆದುಕೊಂಡು ಹೊಳೆಸಾಲಿಗೆ ಬರುತ್ತಿದ್ದರು. ಕಬ್ಬು ಕಡಿದ ಹೊಲದಲ್ಲಿ ರಾತ್ರಿ ಕುರಿ ಕೂರಿಸಿದರೆ ಹೊಲದವನಿಗೆ ಗೊಬ್ಬರ, ಇವರಿಗೆ ಕಾಳು ಅಥವಾ ರೊಕ್ಕ. ಮಾಳಪ್ಪ ಬಾಯಿ ಬಿಟ್ಟರೆ "ಹ್ಞೂಂ", ಬಿಡದಿದ್ದರೆ ಅದೂ ಇಲ್ಲ. "ಮಾಳ್ಯಾನ್ನ ತಗೀಲೇ" ಎಂದು ಯಾರಾದರೂ ಕೇಳಿದರೆ ನಾನು ತುಟಿ ಬಿಗಿದು, ಗೋಡೆ ನೋಡುತ್ತಾ ಅರ್ಧ ನಿಮಿಷ ನಿಲ್ಲುತ್ತಿದ್ದೆ. ಮಂದಿ ಬಿದ್ದು ಬಿದ್ದು ನಗುತ್ತಿದ್ದರು. ಮಾಳಪ್ಪನೂ ಅಲ್ಲೇ ಇರುತ್ತಿದ್ದ. ಅವನೂ ಒಂದಿಷ್ಟು ನಗುತ್ತಿದ್ದ.

ಅವನು ಮೂರು ದಿನಕ್ಕೊಮ್ಮೆ ಅಂಗಡಿಗೆ ಬಂದು ಫೋನು ಚಾರ್ಜಿಗೆ ಹಾಕಿ, ಚಹಾ ಕುಡಿದು ಹೋಗುವುದು ವಾಡಿಕೆ. ಒಂದು ದಿನ ಚಾರ್ಜಿಗಿಟ್ಟ ಫೋನು ಟಿಣ್ ಎಂದಿತು. ಬೇರೆಯವರ ಫೋನು ನೋಡಬಾರದು ಎನ್ನುವ ಸಂಸ್ಕಾರ ನನಗೂ ಇದೆ. ನೋಡಿದ ಮೇಲೆ ನೆನಪಾಗುತ್ತದೆ. ಬ್ಯಾಂಕಿನ ಮೆಸೇಜು. ನನ್ನ ತಿಂಗಳ ಪಗಾರಕ್ಕಿಂತ ದಪ್ಪ.

"ಏನೋ ಇದು, ಕುರಿ ಮಾರಿದಿ?"

"ಇಲ್ಲ. ಬರದಿದ್ದೆ."

"ಏನ ಬರದಿ? ಮಂದಿಗೆ ಲವ್ ಲೆಟರ್ ಬರಕೊಡಾಕತ್ತಿ?"

"ಪಂಪಿಂದು."

ಹಲ್ಲು ಕೀಳುವಂತೆ ಒಂದೊಂದೇ ಮಾತು ಕಿತ್ತೆ. ನೀರಿನ ಪಂಪು ಮಾಡುವ ಕಂಪನಿಯೊಂದರ ವೆಬ್‌ಸೈಟಿನಲ್ಲಿ ಕನ್ನಡದ ಪುಟವಿತ್ತಂತೆ. ಯಂತ್ರದ ಕೈಲಿ ಮಾಡಿಸಿದ ಕನ್ನಡ. "ಪಂಪನ್ನು ಒಣಗಿಸಿ ಓಡಿಸಬೇಡಿರಿ" ಎಂದಿತ್ತಂತೆ. ಮಾಳಪ್ಪ ಅವರಿಗೆ ಒಂದು ಮೇಲ್ ಹಾಕಿದ. ನಿಮ್ಮ ಈ ಸಾಲು ರೈತರಿಗೆ ತಿಳಿಯುವುದಿಲ್ಲ, ಹೀಗೆ ಬರೆದರೆ ತಿಳಿಯುತ್ತದೆ, ಎಂದು ಕೆಳಗೆ ತಾನೇ ಒಂದು ಸಾಲು ಬರೆದು ತೋರಿಸಿದ: "ಬಾವಿಯಲ್ಲಿ ನೀರಿಲ್ಲದಾಗ ಮೋಟಾರು ಚಾಲೂ ಮಾಡಬೇಡಿ, ಸುಡುತ್ತದೆ." ಪೂರ್ತಿ ಪುಟ ಬರೆದುಕೊಡಿ ಎಂದು ಅವರಿಂದ ಉತ್ತರ ಬಂತು. ಆ ಮೇಲೆ ಬೀಜದವರು, ಆ ಮೇಲೆ ಇನ್ಯಾರೋ.

"ಹೆಂಗ ಸಿಕ್ಕಾರೋ ಇವ್ರೆಲ್ಲಾ ನಿನಗ? ನಾನೂ ದಿನಾ ಫೋನ್ ತಿಕ್ಕತೀನಿ, ನನಗ ಬರೇ ಸಾಲಾ ಬೇಕೇನ್ರಿ ಅಂತ ಕೇಳ್ತಾರ."

ಮಾಳಪ್ಪ ಬಸಿಯಲ್ಲಿ ಉಳಿದ ಚಹಾ ಮುಗಿಸಿದ. "ನಮ್ಮಪ್ಪ ಹೊಲಾ ಹೆಂಗ ಹಿಡಿತಾನ? ದಾರ್ಯಾಗ ಹೋಕ್ಕೋತ, ಯಾವ ಹೊಲಾ ಬರಿದಾಗೇತಿ ನೋಡ್ತಾನ. ಅದರ ಮಾಲಕನ ಮನಿ ಕೇಳ್ಕೊಂಡ ಹೋಗ್ತಾನ. ನಾನೂ ಹಂಗ. ಯಾರ ಕನ್ನಡ ಬರಿದಾಗೇತಿ ನೋಡ್ತೀನಿ. ಆದ್ರ ಹೋದ ಕೂಡ್ಲೇ ರೊಕ್ಕದ ಮಾತ ಆಡಬಾರ್ದು, ಮೊದಲ..."

ಅಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಹೆಗಲ ಮೇಲೆ ಟವೆಲ್ಲನ್ನು ಕಂಬಳಿಯ ಹಾಗೆ ಹಾಕಿಕೊಂಡು, ಅವನಪ್ಪನ ಧ್ವನಿ ತೆಗೆದೆ. "ಏನ್ರಿ ಕಂಪನಿ ಗೌಡ್ರ, ನಿಮ್ಮ ವೆಬ್‌ಸೈಟಿನ್ಯಾಗ ನಮ್ಮ ಕುರಿ ಕುಂದ್ರಸ್ಲೇನ್ರಿ?" ಕಾಕಾ ಕ್ಯಾಲ್ಕುಲೇಟರ್ ಬಿಟ್ಟು ನಕ್ಕ. ಸಾಲಿನಲ್ಲಿ ನಿಂತ ಗಿರಾಕಿಗಳೂ ನಕ್ಕರು. ಮಾಳಪ್ಪ ಫೋನು ಕಿತ್ತುಕೊಂಡು, ಚಪ್ಪಲಿ ಮೆಟ್ಟಿ ಹೋದ. ಮೊದಲು ಏನು ಮಾಡಬೇಕು ಎನ್ನುವುದು ಅವನ ಬಾಯಲ್ಲೇ ಉಳಿಯಿತು.

ಅವತ್ತಿನಿಂದ ನನಗೆ ಅದೇ ಧ್ಯಾನ. ಮಾತಿನ ಮನುಷ್ಯ ನಾನು. ಊರಿನ ಮದುವೆ ಮುಂಜಿವೆಗೆಲ್ಲಾ ಮೈಕು ಹಿಡಿಯುವವನು ನಾನು. ಇಷ್ಟು ಮಾತನ್ನು ನಾನು ಪುಕ್ಕಟೆ ಚೆಲ್ಲುತ್ತಿರುವಾಗ, ದಿನಕ್ಕೆ ನಾಲ್ಕು ಶಬ್ದ ಖರ್ಚು ಮಾಡುವವನಿಗೆ ಶಬ್ದ ಲೆಕ್ಕದಲ್ಲಿ ರೊಕ್ಕ! ಅದೂ ನಮ್ಮ ಅಂಗಡಿಯ ಕರೆಂಟಿನಲ್ಲಿ! ಮನೆಗೆ ಹೋಗಿ ಹೇಳಿದರೆ ಅವ್ವ ಗಾಯಕ್ಕೆ ಖಾರ ಹಾಕಿದಳು. "ನೋಡ ಆ ಮಾಳಪ್ಪನ್ನ. ಬಾಯಿ ಮುಚ್ಕೊಂಡ ದುಡಿತೈತಿ ಕೂಸು. ನೀನೂ ಒಂದಿಷ್ಟ ಬಾಯಿ ಮುಚ್ಚಿ ನೋಡು."

ನಾನೂ ಹುಡುಕಲು ಕೂತೆ. ಇಂಗ್ಲಿಷಿನ ದೊಡ್ಡ ಜಾಲತಾಣಗಳು ಪ್ರಕಟವಾದ ಬರಹದ ಮಾದರಿ ಕೇಳಿದವು. ನನ್ನದು ಎಂದು ಪ್ರಕಟವಾದದ್ದು ಮಾವನ ಮನೆಯ ವಾಸ್ತುಶಾಂತಿಯ ಆಮಂತ್ರಣ ಪತ್ರಿಕೆ ಒಂದೇ. ಕಥೆ ಕೇಳಿಸುವ ಆ್ಯಪಿನವರು ಎಂಬತ್ತು ಕಂತು ಬೇಕೆಂದರು. ಹೀರೋ ಕೋಟ್ಯಧಿಪತಿ ಇರಬೇಕು, ಪ್ರತಿ ಕಂತಿನ ಕೊನೆಗೆ ಯಾರಾದರೂ ಯಾರಿಗಾದರೂ ಕಪಾಳಕ್ಕೆ ಬಾರಿಸಬೇಕು. ಹದಿಮೂರನೆಯ ಕಂತಿಗೆ ನನ್ನ ಹತ್ತಿರ ಕೆನ್ನೆಗಳೇ ಮುಗಿದವು. ಸುದ್ದಿಯ ತಾಣದವನೊಬ್ಬ ದುಡ್ಡು ಕೊಡೋದಿಲ್ಲ, ನಿಮ್ಮ ಹೆಸರು ಹಾಕುತ್ತೇವೆ ಎಂದ. "ಹೆಸರ ನಮ್ಮಪ್ಪ ಆಗಳೇ ಪುಕ್ಕಟೆ ಇಟ್ಟಾನ್ರಿ" ಎಂದು ಬರೆದೆ. ಮತ್ತೆ ಉತ್ತರ ಬರಲಿಲ್ಲ. ಇನ್ನೊಬ್ಬ ಕೆಲಸಕ್ಕೆ ಮೊದಲು ನೋಂದಣಿ ಫೀ ಕಟ್ಟಿರಿ ಎಂದ. ಕಟ್ಟಲು ಹೊರಟಿದ್ದೆ, ಕಾಕಾ ಹಿಂದಿನಿಂದ ಬಂದು ಮೌಸು ಕಸಿದುಕೊಂಡ. "ಕೆಲಸಾ ಮಾಡಾಂವ ನೀನು, ಕಟ್ಟಾಂವನೂ ನೀನ? ಹಂಗಿದ್ರ ನನ್ನ ಅಂಗಡ್ಯಾಗ ಕುಂಡ್ರಾಕೂ ಫೀ ಕಟ್ಟು."

ಉಳಿದ ಕಡೆಗೆಲ್ಲಾ ನನ್ನ ವಿದ್ಯೆಯನ್ನೇ ಬಳಸಿದೆ. ಭಕ್ತಿಯ ತಾಣಕ್ಕೆ ಪೂಜಾರಿಯ ಧಾಟಿಯಲ್ಲಿ ಅರ್ಜಿ, ಪ್ಲಾಟು ಮಾರುವವರಿಗೆ ನಿಪ್ಪಾಣಿ ವ್ಯಾಪಾರಿಯ ಧಾಟಿಯಲ್ಲಿ, ಮಕ್ಕಳ ಕಥೆಯವರಿಗೆ ನಮ್ಮ ಹೆಡ್ ಮಾಸ್ತರರ ಧಾಟಿಯಲ್ಲಿ. ಆ ಮಕ್ಕಳ ಕಥೆಯವರು ಹೆದರಿರಬೇಕು. ನಲವತ್ತು ಅರ್ಜಿಗೆ ಬಂದ ಉತ್ತರ ಎರಡು. ಒಂದರಲ್ಲಿ ಸಾರಿ ಎಂದಿತ್ತು. ಇನ್ನೊಂದರಲ್ಲಿ, "ನೀವು ಯಾರು?" ಎಂದಷ್ಟೇ ಇತ್ತು. ಅದಕ್ಕೆ ಮೂರು ಸಲ ಉತ್ತರ ಬರೆದು ಮೂರೂ ಸಲ ಅಳಿಸಿದೆ.

ಇತ್ತ ಮಾಳಪ್ಪ ಬರುತ್ತಿದ್ದ, ಹೋಗುತ್ತಿದ್ದ. ಹೆಬ್ಬೆರಳಿನಿಂದಲೇ ಸರಸರ ಟೈಪು ಮಾಡುತ್ತಿದ್ದ. ನನಗೆ ಆ ಹೆಬ್ಬೆರಳಿನ ಮೇಲೂ ಹೊಟ್ಟೆಕಿಚ್ಚು. ಪುಣೆಯ ಮೇಡಂ ಒಬ್ಬರು ಅವನಿಗೆ ಫೋನಿನಲ್ಲಿ "ಸರ್" ಎನ್ನುತ್ತಿದ್ದರು. ನನಗೆ ಆ ಅಂಗಡಿಯಲ್ಲಿ ಯಾರಾದರೂ ಸರ್ ಎಂದಿದ್ದರೆ ಅದು ಅರ್ಜಿ ತುಂಬುವ ಕೊನೆಯ ದಿನ ಸರ್ವರ್ ಬಂದ್ ಆದಾಗ ಮಾತ್ರ. ಅವನು ಬರೆದ ಬೀಜದ ಪುಟವನ್ನು ಕದ್ದು ಓದಿದೆ. ಚೆನ್ನಾಗಿತ್ತು. ಮತ್ತೆ ಓದಿದೆ, ಮತ್ತೂ ಚೆನ್ನಾಗಿತ್ತು. ಮೂರನೆಯ ಸಲ ಒಂದು ಕಡೆ ಒತ್ತಕ್ಷರ ಬಿಟ್ಟುಹೋದದ್ದು ಸಿಕ್ಕಿತು. ಆ ಖುಷಿಗೆ ಹೊರಗೆ ಹೋಗಿ ಬಿಸಿ ಭಜಿ ಕೊಂಡು ಒಬ್ಬನೇ ತಿಂದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಮಾಳಪ್ಪ ನಮ್ಮ ಕಂಪ್ಯೂಟರಿನಲ್ಲಿ ಮೇಲ್ ತೆಗೆದು ಓದುತ್ತಾ ಕೂತಿದ್ದ. ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಕಟ್ಟಿಕೊಂಡು, ಹಾಡು ಹಚ್ಚಿಕೊಂಡು ಸಾಲುಗಟ್ಟಿದ್ದವು. ಅವನಪ್ಪನ ಫೋನು ಬಂತು. ಹಿಂಡಿನ ನಾಲ್ಕು ಕುರಿ ಆ ಸಾಲಿನ ನಡುವೆ ಸಿಕ್ಕಿಕೊಂಡಿದ್ದವು. ಮಾಳಪ್ಪ ಎದ್ದು ಓಡಿದ. ಮೇಲ್ ತೆರೆದೇ ಇತ್ತು.

ಬಂದ್ ಮಾಡಬೇಕಿತ್ತು. ಓದಿದೆ.

ಕಬ್ಬು ಬೆಳೆಯುವವರಿಗೆ ಮೊಬೈಲಿನಲ್ಲಿ ಸಲಹೆ ಕಳಿಸುವ ಪುಣೆಯ ಕಂಪನಿಯೊಂದು, ಆರು ತಿಂಗಳು ವಾರವಾರ ಬರೆದುಕೊಡಲು ಮಾಳಪ್ಪನನ್ನು ಕೇಳಿತ್ತು. ಫೋನಿನಲ್ಲಿ ಸರ್ ಎನ್ನುತ್ತಿದ್ದ ಮೇಡಂ ಆ ಕಂಪನಿಯವರೇ. ಬಾಯಿಮಾತು ಆಗಿತ್ತು, ಕಾಗದವಾಗುವುದು ಬಾಕಿ. ಕೆಳಗೆ ಮಾಳಪ್ಪನ ಉತ್ತರ: "ಈ ಕೆಲಸ ಗಟ್ಟಿಯಾದರೆ ಹಿಂಡಿನ ಜೊತೆ ದೊಡ್ಡಪ್ಪನ ಮಗ ಹೋಗುತ್ತಾನೆ. ನಾನು ಉಗಾರದಲ್ಲಿ ಬಾಡಿಗೆಗೆ ಖೋಲಿ ಹಿಡಿದು ಕೂತು ಬರೆಯುತ್ತೇನೆ. ಮೊದಲ ಸಲ ಮೇಜಿನ ಮೇಲೆ ಬರೆಯುವುದು. ಆಗದಿದ್ದರೆ ಮಳೆಯ ತನಕ ಹಿಂಡಿನ ಜೊತೆ ನಾನೇ."

ಖೋಲಿ ಹಿಡಿಯುವ ಸುದ್ದಿ ನನಗೆ ಹೇಳಿರಲಿಲ್ಲ, ಮುಖ ನೋಡದ ಮೇಡಂಗೆ ಬರೆದಿದ್ದ. ಅದಕ್ಕೂ ಹೊಟ್ಟೆ ಉರಿಯಿತು. ಇವನು ನಮ್ಮೂರಿನಲ್ಲಿ ಖೋಲಿ ಹಿಡಿದು, ಮೇಜು ಹಾಕಿಕೊಂಡು, ದಿನಾ ನನ್ನ ಎದುರೇ ಬರೆಯುವುದೇ? ಮೇಡಂನ ವಿಳಾಸ ಬರೆದುಕೊಂಡೆ.

ಮರುದಿನ, ಮೊದಲೇ ಹೇಳಿದ ಆ ರೊಟ್ಟಿ ತಿಂದು, ಪತ್ರ ಬರೆದೆ. ಆರು ಸಾಲು. ಸಣ್ಣ ಸಣ್ಣ ವಾಕ್ಯ. ಒಂದೂ ಬಣ್ಣದ ಮಾತಿಲ್ಲ. ಪ್ರತಿ ಸಾಲೂ ಒಂದು ಸಂಗತಿ ಹೇಳಿ ಸುಮ್ಮನಾಗುವುದು. ಬರೆಯುತ್ತಾ ಮೈ ಜುಂ ಎಂದಿತು. ಗಂಟಲಿಗೆ ಸಿಗದ ಮಾಳ್ಯಾ ಕೈಗೆ ಸಿಕ್ಕಿಬಿಟ್ಟಿದ್ದ! ಕೊನೆಗೆ, ಈಗ ನೀವು ಕೊಡುವುದರಲ್ಲಿ ಅರ್ಧ ಸಾಕು, ಎಂದು ಸೇರಿಸಿದೆ. ಕೆಳಗೆ ಸನ್ಮತಿ, ಉಗಾರ ಖುರ್ದ, ಎಂದು ನನ್ನದೇ ಹೆಸರು ಹಾಕಿದೆ. ರೊಕ್ಕ ನನ್ನ ಖಾತೆಗೇ ಬರಬೇಕಲ್ಲ. ಇಂಥ ಸನ್ಮತಿಗೆ ಆ ಹೆಸರು ಇಟ್ಟ ಅಪ್ಪನ ತಪ್ಪೂ ಇದರಲ್ಲಿ ಸ್ವಲ್ಪ ಇದೆ.

ನಾಲ್ಕನೇ ದಿನ ಉತ್ತರ ಬಂತು. ಪರೀಕ್ಷೆಗೆ ಒಂದು ಬರಹ ಕಳಿಸಬೇಕು. ವಿಷಯ: ಕಬ್ಬು ಕಡಿದ ಹೊಲದಲ್ಲಿ ಕುರಿ ಕೂರಿಸುವುದು.

ನನ್ನ ದೈವ ಎಷ್ಟು ಜೋರಿದೆ ಎಂದುಕೊಂಡೆ. ಕುರಿಯ ಬಗ್ಗೆ ನನಗೆ ಗೊತ್ತಿದ್ದದ್ದು ಅದರ ಧ್ವನಿ ಒಂದೇ. ಆದರೆ ಗೊತ್ತಿದ್ದವನು ಎರಡು ಕಿಲೋಮೀಟರ್ ದೂರದಲ್ಲೇ ಇದ್ದಾನೆ. ಒಂದು ಪುಡಿಕೆ ಭಡಂಗ, ಅದೇ ಖಾರದ ಚುರುಮುರಿ, ಕಟ್ಟಿಸಿಕೊಂಡು ಸಂಜೆ ಹೊಲಕ್ಕೆ ಹೋದೆ.

ಹೊತ್ತು ಮುಳುಗುತ್ತಿತ್ತು. ಮಾಳಪ್ಪ ಗೂಟ ಬಡಿದು ಹಿಂಡಿನ ಸುತ್ತ ಬಲೆ ಕಟ್ಟುತ್ತಿದ್ದ. ಅವನಪ್ಪ ಮೂರು ಕಲ್ಲಿನ ಒಲೆಯ ಮುಂದೆ ಕೂತಿದ್ದ.

"ಬಾರಪಾ. ಏನ, ಹೊಲದ ಕಡೆ ಬಂದಿ? ಅಂಗಡ್ಯಾಗ ಮಂದಿ ಕಡಿಮಿ ಆದ್ರೇನು ನಗಾಕ?" ಎಂದ ಮುದುಕ.

"ಹಂಗ ಬಂದ್ನೆಪಾ," ಎಂದು ಮಾಳಪ್ಪನ ಕಡೆ ತಿರುಗಿದೆ. "ಲೇ ಮಾಳ್ಯಾ, ಈ ಕುರಿ ಕುಂದ್ರಸೂದಂದ್ರ ಏನು, ಹೆಂಗ? ಸುಮ್ಮ ಕೇಳ್ತೀನಿ. ನಮ್ಮ ಮಾವನ ಹೊಲಕ್ಕ ಬೇಕಾಗಿತ್ತು."

ಮಾಳಪ್ಪ ನನ್ನನ್ನೂ ನನ್ನ ಕೈಯಲ್ಲಿದ್ದ ಬರೆಯುವ ವಹಿಯನ್ನೂ ನೋಡಿದ. ಗೂಟ ಕೆಳಗಿಟ್ಟ. ಕೂತ. ಮಾತಾಡಿದ.

"ಮಂದಿ ಹಿಕ್ಕಿ ಅಷ್ಟ ಗೊಬ್ಬರ ಅಂತ ತಿಳಿತಾರ. ಹಿಕ್ಕಿಗಿಂತ ಉಚ್ಚಿ ಹೆಚ್ಚಿಂದು. ಅದಕ್ಕ ಒಂದ ಜಾಗಾದಾಗ ಎರಡ ರಾತ್ರಿ ಕುಂದ್ರಸಬಾರ್ದು, ದಿನಾ ಬಲಿ ಸರಸಬೇಕು. ಹೊಲದ ತಗ್ಗಿನ ಕಡೆಯಿಂದ ಸುರು ಮಾಡಬಾರ್ದು, ದಿಬ್ಬದಿಂದ ಮಾಡಬೇಕು. ಮಳಿ ಬಂದ್ರ ಸತ್ವ ತಾನ ಕೆಳಗ ಇಳಿತೈತಿ. ಕುರಿ ಎದ್ದ ಮರುದಿವ್ಸನ ರಂಟಿ ಹೊಡದು ಮಣ್ಣ ತಿರುವಬೇಕು. ಬಿಸಲಿಗೆ ಬಿಟ್ರ ಎಲ್ಲಾ ಹಾರಿ ಹೋಗ್ತೈತಿ, ಮಾಲಕಗ ಉಳಿಯೂದು ಬರೇ ವಾಸನಿ..."

ಹೇಳುತ್ತಲೇ ಹೋದ. ಮುದಿ ಕುರಿಯನ್ನು ಯಾಕೆ ನಡುವೆ ಬಿಡುತ್ತಾರೆ, ಗಾಳಿ ಬೀಸುವ ಕಡೆ ನಾಯಿ ಯಾಕೆ ಮಲಗುತ್ತದೆ, ಕೆಂಪು ಮಣ್ಣಿಗೆ ಎಷ್ಟು ರಾತ್ರಿ, ಕಪ್ಪು ಮಣ್ಣಿಗೆ ಎಷ್ಟು. ಎಷ್ಟೋ ದಿನದಿಂದ ತಯಾರಿಟ್ಟುಕೊಂಡವನ ಹಾಗೆ. ದಾಳಿಂಬೆಯ ಬೀಜ ಬಿಡಿಸಿ ಅಂಗೈಯಲ್ಲಿಟ್ಟ ಹಾಗಿತ್ತು ಒಂದೊಂದು ಮಾತು. ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಒಂದು ಸಾಲು ತಪ್ಪೀತು.

"ಇನ್ನೊಂದ ಬರ್ಕೋ," ಎಂದ ಕೊನೆಗೆ. "ಒಂದ ಹಿಂಡಿಗೆ ಮಾಲಕ ಮಾತ ಕೊಟ್ಟ ಮ್ಯಾಲ ಇನ್ನೊಂದ ಹಿಂಡಿನವ ಆ ಹೊಲಕ್ಕ ಕಾಲ ಇಡೂದಿಲ್ಲ. ದರಾನೂ ಅಷ್ಟ. ಊರಾಗ ಎಲ್ಲಾರದೂ ಒಂದ ದರ. ಒಬ್ಬಾವ ಕಡಿಮಿ ಮಾಡಿದ್ರ ಮರುವರ್ಷ ಎಲ್ಲಾರೂ ಕಡಿಮಿಗೆ ಕುಂದ್ರಸಬೇಕಾಗ್ತೈತಿ, ಅವನೂ ಹಿಡದು."

ಅದನ್ನೂ ಬರೆದುಕೊಂಡೆ. ಕೆಳಗೆ ಒಂದು ಗೆರೆಯನ್ನೂ ಎಳೆದೆ. ಅವನು ಭಡಂಗ ತಿಂದ, ನಾನೂ ತಿಂದೆ, ಮನೆಗೆ ಬಂದೆ. ಬರಹ ಕಳಿಸಿದೆ.

ವಾರ ಕಳೆದು ಮೇಡಂ ತಾವೇ ಫೋನು ಮಾಡಿದರು. ಮೂಲ ನಿಪ್ಪಾಣಿಯವರಂತೆ. ಮಾತಿನಲ್ಲಿ ಅದು ಇನ್ನೂ ಇತ್ತು.

"ಸನ್ಮತಿ ಅವ್ರೇನ್ರಿ? ಬರಹ ಛಲೋ ಐತ್ರಿ. ಪರೀಕ್ಷಾ ಮಾಡಿದವ್ರೂ ಒಂದೂ ತಪ್ಪಿಲ್ಲ ಅಂದಾರ."

ನೆಲ ಬಿಟ್ಟು ಎರಡು ಬೆರಳು ಮೇಲೆದ್ದೆ. "ಯಾರ್ರಿ ಪರೀಕ್ಷಾ ಮಾಡಿದವ್ರು?"

"ಮಾಳಪ್ಪ ಸರ್. ನಿಮ್ಮೂರ ಕಡೆಯವ್ರು ಅರ್ಧಕ್ಕ ಬರೀತೀನಿ ಅಂದಾರ, ನಿಮಗ ಗುರ್ತೇನ್ರಿ ಅಂತ ಅವ್ರನ್ನ ಕೇಳಿದ್ದೆ. ಗುರ್ತೈತಿ, ಈ ವಿಷಯ ಕೊಟ್ಟ ನೋಡ್ರಿ ಅಂದ್ರು."

ನಾನು ನೆಲಕ್ಕಿಳಿದೆ.

"ಇನ್ನೊಂದ ಬರದಿದ್ರು," ಮೇಡಂ ಧ್ವನಿ ತಗ್ಗಿತು. "ಇವನಿಗೆ ಕೆಲಸಾ ಕೊಡೂದಾದ್ರ ಪೂರಾ ದರಕ್ಕ ಕೊಡ್ರಿ, ಅರ್ಧಕ್ಕ ಬ್ಯಾಡ ಅಂತ. ನಾನೂ ಮ್ಯಾಲಿನವರಿಗೆ ಹೇಳಿ ನೋಡ್ದೆ. ಆದ್ರ ನಿಮ್ಮ ಪತ್ರ ಅವ್ರ ಕೈಯಾಗ ಹೋಗಿ ಬಿಟ್ಟಿತ್ತು. ಅರ್ಧಕ್ಕ ಬರಿಯಾವ್ರ ಇರೂವಾಗ ಪೂರಾ ಯಾಕ ಅಂತಾರ. ಮಾಳಪ್ಪ ಸರ್ ಆ ದರಕ್ಕ ಒಲ್ಲೆ ಅಂದ ಬಿಟ್ಟ್ರು. ಈಗ ನೀವು ಮಾಡ್ತೀರೇನ್ರಿ?"

ಬೇಡವೆಂದೆ. ಒಮ್ಮೆಲೇ ಗುಣವಂತನಾದೆ ಎಂದು ಯಾರೂ ತಿಳಿಯಬೇಡಿ. ಮುಂದಿನ ವಾರದ ವಿಷಯವನ್ನು ನಾನು ಯಾರನ್ನು ಕೇಳಲಿ?

ರಾತ್ರಿಯೆಲ್ಲಾ ಹೊರಳಾಡಿ, ನಸುಕಿನಲ್ಲೇ ಸೈಕಲ್ಲು ಹೊಡೆದು ಹೊಲಕ್ಕೆ ಹೋದೆ. ಹಿಂಡು ಎದ್ದಿತ್ತು. ಬಲೆ ಸುತ್ತಿಟ್ಟಿದ್ದರು. ದೊಡ್ಡಪ್ಪನ ಮಗ ಬಂದಿರಲಿಲ್ಲ, ಬರುವ ಕಾರಣವೂ ಇರಲಿಲ್ಲ. ಮಾಳಪ್ಪ ಕುದುರೆಯ ಬೆನ್ನಿಗೆ ಪಾತ್ರೆ, ಕಂಬಳಿ, ಹಿಟ್ಟಿನ ಚೀಲ ಹೇರುತ್ತಿದ್ದ. ಚೀಲದ ಮೇಲೆ ಫೋನಿನ ಚಾರ್ಜರ್ ಕಟ್ಟಿತ್ತು. ಇನ್ನು ಮಳೆಯ ತನಕ ನಡೆಯುವುದು, ನಡೆಯುತ್ತಾ ಬರೆಯುವುದು, ರೇಂಜು ಸಿಕ್ಕ ದಿಬ್ಬದಲ್ಲಿ ಕಳಿಸುವುದು. ಈಗಲೂ ಅವನು ಹಾಗೇ ಬರೆಯುತ್ತಾನೆ. ನನಗಿಂತ ಚೆನ್ನಾಗಿಯೇ ಬರೆಯುತ್ತಾನೆ, ಈಗಲೂ ನನಗೆ ಒಂದಿಷ್ಟು ಉರಿಯುತ್ತದೆ. ಖೋಲಿ ಮಾತ್ರ ಆಗಲಿಲ್ಲ, ಮೇಜೂ ಆಗಲಿಲ್ಲ.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಪ್ರೊಫೆಸರರ ಧ್ವನಿಯಲ್ಲಿ ಶುರು ಮಾಡಿದೆ, ಅವನು ನಗಲಿಲ್ಲ. ವ್ಯಾಪಾರಿಯ ಮರಾಠಿಗೆ ಹಾರಿದೆ, ಹಗ್ಗ ಬಿಗಿಯುತ್ತಲೇ ಇದ್ದ. ಅವನಪ್ಪನ ಧ್ವನಿ ತೆಗೆಯಲು ಹೋದೆ. ಅವನಪ್ಪ ಅಲ್ಲೇ ನಿಂತು ನನ್ನನ್ನೇ ನೋಡುತ್ತಿದ್ದ, ಅರ್ಧಕ್ಕೇ ಬಿಟ್ಟೆ. ಉಳಿದದ್ದು ನನ್ನ ಕೀರಲು ಧ್ವನಿ.

"ಮಾಳ್ಯಾ, ತಪ್ಪಾತೋ. ನಿನ್ನ ಕೆಲಸಾನೂ ಕೆಡಿಸಿದೆ. ಆದ್ರ ಒಂದ ಹೇಳು. ನಾ ಯಾಕ ಕೇಳಾಕ ಬಂದೀನಂತ ನಿನಗ ಗೊತ್ತಿತ್ತು. ಗೊತ್ತಿದ್ದೂ ಎಲ್ಲಾ ಖರೇನ ಯಾಕ ಹೇಳಿದಿ? ನಾಕ ಮಾತ ಸುಳ್ಳ ಹೇಳಿದ್ರ ನಾ ಅಲ್ಲೇ ನಪಾಸ ಆಗ್ತಿದ್ನೆಲಾ?"

ಮಾಳಪ್ಪ ಕುದುರೆಯ ಹೊಟ್ಟೆಯ ಕೆಳಗಿಂದ ಹಗ್ಗ ಎಳೆದು ಕೊನೆಯ ಗಂಟು ಹಾಕಿದ. ಸೆಟೆದು ನಿಂತು, ನನ್ನ ಮುಖ ನೋಡಿ ಹೇಳಿದ:

"ಇಷ್ಟ ವರ್ಷದಾಗ ನೀ ಸುಮ್ಮ ಕುಂತ ನನ್ನ ಮಾತ ಪೂರಾ ಕೇಳಿದ್ದು ಅದೊಂದ ಸಂಜಿ, ಸನ್ಮತಿ. ಸುಳ್ಳ ಹೇಳಿ ಅದನ್ಯಾಕ ಕೆಡಿಸಲಿ?"